ಹೊರಾಂಗಣ ಮತ್ತು ಸಮುದಾಯ ಮನರಂಜನೆ: ಯಾವ ಓದು, ಯಾರಿಗೆ?

ಪಿಯುಸಿ ಮುಗಿಸಿದವರು, ಡಿಗ್ರಿ ಮುಗಿಸಿ ಶನಿವಾರ ಭಾನುವಾರ ಚಾರಣದ ತಂಡ ಕರೆದೊಯ್ಯುತ್ತಿರುವವರು, ಐಟಿ ಕೆಲಸ ಬಿಡುವ ಯೋಚನೆಯಲ್ಲಿರುವವರು, ಎಲ್ಲರೂ ಕೇಳುವುದು ಒಂದೇ: ‘ಚಾರಣ, ಶಿಬಿರ, ಆಟ ನಡೆಸುವುದನ್ನೇ ಕೆಲಸ ಮಾಡಿಕೊಳ್ಳಬೇಕು, ಏನು ಓದಲಿ?’ ಹೆಚ್ಚಿನವರ ಮನಸ್ಸಿನಲ್ಲಿ ಉತ್ತರ ಆಗಲೇ ಇರುತ್ತದೆ: ಹಿಮಾಲಯದ ಪರ್ವತಾರೋಹಣ ಸಂಸ್ಥೆಗಳ ಬೇಸಿಕ್ ಕೋರ್ಸ್. ಅದು ಒಳ್ಳೆಯ ಕೋರ್ಸೇ. ಆದರೆ ಕರ್ನಾಟಕದಲ್ಲಿ ಸಂಪಾದಿಸಿ ಬದುಕಬೇಕಾದವರಿಗೆ ಅದೇ ಮೊದಲ ಮೆಟ್ಟಿಲಾಗಬೇಕಿಲ್ಲ, ಕೆಲವರಿಗೆ ಬೇಕಾಗುವುದೂ ಇಲ್ಲ.

ಕೆನಡಾ, ಅಮೆರಿಕಗಳಲ್ಲಿ ‘ರಿಕ್ರಿಯೇಶನ್’ ಹೆಸರಿನಲ್ಲೇ ಡಿಗ್ರಿ ಸಿಗುತ್ತದೆ. ನಮ್ಮಲ್ಲಿ ಅದನ್ನು ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕು: ಒಂದು ಡಿಗ್ರಿ, ಒಂದೆರಡು ಕೌಶಲದ ಕೋರ್ಸು, ಪ್ರಥಮ ಚಿಕಿತ್ಸೆ, ಜೊತೆಗೆ ದಿನ ಲೆಕ್ಕ ಹಿಡಿದ ಲಾಗ್‌ಬುಕ್. ಯಾವುದನ್ನು ಯಾವಾಗ ಮಾಡಬೇಕು ಎಂಬುದರಲ್ಲೇ ಹೆಚ್ಚು ಜನ ಎಡವುತ್ತಾರೆ.

ಮೊದಲು ಕ್ಯಾಲೆಂಡರ್ ಬಿಡಿಸಿ

ಕೋರ್ಸಿನ ಶುಲ್ಕಕ್ಕಿಂತ ಮೊದಲು ನೋಡಬೇಕಾದ್ದು, ವರ್ಷದಲ್ಲಿ ಎಷ್ಟು ತಿಂಗಳು ಕೆಲಸ ಸಿಗುತ್ತದೆ ಎಂಬುದು. ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರ್‍ಯಾಫ್ಟಿಂಗ್ ನಡೆಯುವುದು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ದಾಂಡೇಲಿ ಕಡೆ ಕಾಳಿ ನದಿಯ ಹರಿವು ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ನೆಚ್ಚಿಕೊಂಡಿದೆ. ಅಲ್ಲಿ ಮಳೆ ನಿಂತ ಮೇಲೆಯೇ ಹಂಗಾಮು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯುವುದು) ಅಕ್ಟೋಬರ್‌ನಿಂದ ಮೇವರೆಗೆ. ಪಶ್ಚಿಮಘಟ್ಟದ ಚಾರಣಕ್ಕೆ ಮಳೆಯ ಕೊನೆಯಿಂದ ಚಳಿಗಾಲದವರೆಗಿನ ತಿಂಗಳುಗಳು ಚೆನ್ನ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿಗಳನ್ನು ಮುಚ್ಚುವುದುಂಟು. ಹಿಮಾಲಯದ ಚಾರಣ ಮೇ, ಜೂನ್ ಒಂದು ಸುತ್ತು, ಸೆಪ್ಟೆಂಬರ್, ಅಕ್ಟೋಬರ್ ಇನ್ನೊಂದು ಸುತ್ತು. ಮಕ್ಕಳ ಬೇಸಿಗೆ ಶಿಬಿರ ಏಪ್ರಿಲ್, ಮೇ ತಿಂಗಳಲ್ಲಿ.

ಇವುಗಳಲ್ಲಿ ಒಂದನ್ನೇ ಕಲಿತವರಿಗೆ ವರ್ಷದಲ್ಲಿ ಕಡಿಮೆಯೆಂದರೂ ನಾಲ್ಕು ತಿಂಗಳು ಕೈ ಖಾಲಿ. ಒಂದಕ್ಕೊಂದು ಹೊಂದುವ ಎರಡನ್ನು ಕಲಿತವರಿಗೆ ಆ ತೊಂದರೆ ಕಡಿಮೆ. ಮಳೆಗಾಲಕ್ಕೆ ರ್‍ಯಾಫ್ಟಿಂಗ್, ಉಳಿದ ಕಾಲಕ್ಕೆ ಬಂಡೆ ಹತ್ತುವುದು ಮತ್ತು ಶಾಲಾ ಶಿಬಿರ; ಇಲ್ಲವೇ ಚಳಿಗಾಲಕ್ಕೆ ಚಾರಣ, ಬೇಸಿಗೆಗೆ ಶಿಬಿರ, ವರ್ಷವಿಡೀ ಅಪಾರ್ಟ್‌ಮೆಂಟ್ ಅಥವಾ ಶಾಲೆಯ ಅರೆಕಾಲಿಕ ಕೆಲಸ. ಹನ್ನೆರಡು ಮನೆ ಗೀಚಿ ತುಂಬಿಸಿ ನೋಡಿ. ಖಾಲಿ ಉಳಿದ ಮನೆಗಳನ್ನು ತುಂಬುವ ಕೋರ್ಸೇ ನಿಮ್ಮ ಎರಡನೆಯ ಕೋರ್ಸ್.

ಹಿಮಾಲಯದ ಸಂಸ್ಥೆಗಳು

ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟ್ 1954ರ ನವೆಂಬರ್‌ನಲ್ಲಿ, ಎವರೆಸ್ಟ್ ಏರಿದ ಮರುವರ್ಷ ಶುರುವಾಯಿತು. ತೇನ್‌ಸಿಂಗ್ ನೋರ್ಗೆ ಅದರ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಎಲ್ಲರೂ ‘ನಿಮ್’ ಎನ್ನುವುದು, 1965ರದು. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆ, ಪಹಲ್ಗಾಮ್‌ನ ಜವಾಹರ್ ಸಂಸ್ಥೆ, ಅರುಣಾಚಲದ ದಿರಾಂಗ್‌ನಲ್ಲಿರುವ ರಾಷ್ಟ್ರೀಯ ಪರ್ವತಾರೋಹಣ ಮತ್ತು ಸಾಹಸ ಕ್ರೀಡಾ ಸಂಸ್ಥೆ (ನಿಮಾಸ್) ಉಳಿದವು.

ಬೇಸಿಕ್ ಕೋರ್ಸ್ ಎಲ್ಲ ಕಡೆಯೂ ಸುಮಾರು 26ರಿಂದ 28 ದಿನ, ಪಾಠದ ಸಾರವೂ ಹೆಚ್ಚುಕಡಿಮೆ ಒಂದೇ: ಗಂಟು, ಬಂಡೆ, ಹಿಮ, ನೀರ್ಗಲ್ಲು, ಕೊನೆಗೆ ಎತ್ತರಕ್ಕೆ ಏರಿ ಇಳಿಯುವುದು. ವ್ಯತ್ಯಾಸ ಜಾಗದಲ್ಲಿದೆ. ಡಾರ್ಜಿಲಿಂಗ್‌ನವರು ಪಶ್ಚಿಮ ಸಿಕ್ಕಿಂನ ಯುಕ್ಸೊಮ್‌ನಿಂದ ಕಾಡಿನ ದಾರಿಯಲ್ಲಿ ನಡೆದು ಸುಮಾರು 14,600 ಅಡಿ ಎತ್ತರದ ಚೌರಿಖಾಂಗ್ ಶಿಬಿರ ಸೇರುತ್ತಾರೆ. ಶಿಬಿರದವರೆಗಿನ ನಡಿಗೆ ಉದ್ದ, ದೇಹ ನಿಧಾನವಾಗಿ ಎತ್ತರಕ್ಕೆ ಒಗ್ಗಿಕೊಳ್ಳುತ್ತದೆ. ನಿಮ್‌ನವರಿಗೆ ಊರ ಹತ್ತಿರದ ತೇಖಲಾದಲ್ಲೇ ಬಂಡೆ ಅಭ್ಯಾಸ. ಮನಾಲಿಯಲ್ಲಿ ಸ್ಕೀಯಿಂಗ್ ಕೂಡ ಕಲಿಸುತ್ತಾರೆ. ನೆಲ, ನೀರು, ಗಾಳಿ ಮೂರರ ಸಾಹಸವೂ ಒಂದೇ ಸೂರಿನಡಿ ಬೇಕೆಂದರೆ ದಿರಾಂಗ್ ನೋಡಿ.

‘ಯಾವ ಸಂಸ್ಥೆ ದೊಡ್ಡದು’ ಎಂಬ ಚರ್ಚೆಯಲ್ಲಿ ಹುರುಳಿಲ್ಲ. ನಿಮ್ಮ ರಜೆಗೆ ಹೊಂದುವ ಬ್ಯಾಚ್ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿ. ಬ್ಯಾಚ್‌ಗಳು ತಿಂಗಳುಗಟ್ಟಲೆ ಮೊದಲೇ ತುಂಬುತ್ತವೆ. ವಯೋಮಿತಿ, ವೈದ್ಯಕೀಯ ಪತ್ರ, ಹೆತ್ತವರ ಒಪ್ಪಿಗೆ ಪತ್ರದ ನಮೂನೆ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಎನ್‌ಸಿಸಿಯಲ್ಲಿರುವವರು ಕಾಲೇಜಿನ ಅಧಿಕಾರಿಯನ್ನು ಮೊದಲು ಕೇಳಿ. ಕೆಡೆಟ್‌ಗಳನ್ನು ಈ ಕೋರ್ಸುಗಳಿಗೆ ಕಳಿಸುವ ವ್ಯವಸ್ಥೆ ಇದೆ.

ಗೊತ್ತಿರಬೇಕಾದ ಮುಖ್ಯ ಸಂಗತಿ ಗ್ರೇಡ್. ಬೇಸಿಕ್‌ನಲ್ಲಿ ‘ಎ’ ಬಂದರೆ ಮಾತ್ರ ಅಡ್ವಾನ್ಸ್. ಅಡ್ವಾನ್ಸ್‌ನಲ್ಲೂ ‘ಎ’ ಬಂದರೆ ಮಾತ್ರ ಕಲಿಸುವ ವಿಧಾನದ ಕೋರ್ಸ್, ಅಂದರೆ ಎಂಒಐ. ಕಲಿಸುವ ಕೆಲಸಕ್ಕೆ ನಿಜವಾದ ಬೆಲೆ ಆ ಮೂರನೆಯದಕ್ಕೆ. ಬೇಸಿಕ್ ಮುಗಿಸಿದ ಪತ್ರ ಗೈಡ್ ಲೈಸೆನ್ಸ್ ಅಲ್ಲ. ನೀವು ಒಳ್ಳೆಯ ಶಿಷ್ಯ ಎಂದಷ್ಟೇ ಅದು ಹೇಳುತ್ತದೆ. ಇದನ್ನು ತಿಳಿಯದೆ ಬೇಸಿಕ್ ಮುಗಿಸಿ ಬಂದ ಮರುವಾರವೇ ಹದಿನೈದು ಜನರನ್ನು ಕಟ್ಟಿಕೊಂಡು ಹಿಮದ ದಾರಿಗೆ ಹೊರಡುವವರಿದ್ದಾರೆ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣದಲ್ಲಿ ಹವಾಮಾನ ಕೆಟ್ಟು ಕರ್ನಾಟಕದ 9 ಚಾರಣಿಗರು ತೀರಿಕೊಂಡರು. ಪಳಗಿದವರ ನಡುವೆಯೂ ಸಾವು ಬರುತ್ತದೆ: 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ಡಾಂಡಾದಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ತರಬೇತಿಯಲ್ಲಿದ್ದ ತಂಡವೇ. ಆ ಎತ್ತರದಲ್ಲಿ ಇನ್ನೊಬ್ಬರ ಹೊಣೆ ಹೊರಲು 28 ದಿನದ ಕಲಿಕೆ ಸಾಲದು.

ನಮ್ಮ ಕಡೆಯವರಿಗೆ ‘ಎ’ ತಪ್ಪುವ ಕಾರಣಗಳು ಬಹಳ ಸಲ ಸಣ್ಣವು. ಮೊದಲನೆಯದು ಹಿಂದಿ. ಬೋಧಕರು ಬಂಡೆಯ ಮೇಲಿಂದ ಕೂಗಿ ಹೇಳುವುದು ಹಿಂದಿಯಲ್ಲಿ. ಅರ್ಥವಾಗದೆ ಎರಡು ಸಲ ತಿರುಗಿ ಕೇಳಿದರೆ ‘ಇವನಿಗೆ ಗಮನವಿಲ್ಲ’ ಎಂದು ಅವರಿಗೆ ಅನ್ನಿಸುತ್ತದೆ. ಹೋಗುವ ಮುಂಚೆ ಹಗ್ಗ, ಗಂಟು, ಎಳೆ, ಬಿಡು, ನಿಲ್ಲು, ಕಲ್ಲು ಬಿತ್ತು ಎಂಬಷ್ಟು ಹಿಂದಿಯಾದರೂ ನಾಲಗೆಗೆ ಬರಲಿ. ಎರಡನೆಯದು ಭಾರ. ಜಿಮ್‌ನಲ್ಲಿ ಮೈ ಕಟ್ಟಿದವರೂ ಬೆನ್ನಿಗೆ 15ರಿಂದ 20 ಕೆ.ಜಿ. ಹೊತ್ತು ಆರು ತಾಸು ನಡೆದಿರುವುದಿಲ್ಲ. ಮೂರು ತಿಂಗಳು ಮೊದಲೇ ಶುರು ಮಾಡಿ: ವಾರಕ್ಕೆ ನಾಲ್ಕು ದಿನ ಓಟ, 5 ಕಿ.ಮೀ. 30 ನಿಮಿಷದೊಳಗೆ ಬರುವ ತನಕ. ವಾರಕ್ಕೆ ಎರಡು ದಿನ ಮೆಟ್ಟಿಲು, ಮೊದಲು 8 ಕೆ.ಜಿ., ಹದಿನೈದು ದಿನಕ್ಕೊಮ್ಮೆ 2 ಕೆ.ಜಿ. ಹೆಚ್ಚಿಸುತ್ತ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದ್ದು. ಹತ್ತುವಾಗ ಭಾರ ಹೊರಿ, ಚೀಲದಲ್ಲಿ ಕಲ್ಲಿನ ಬದಲು ನೀರಿನ ಬಾಟಲಿ ಇಟ್ಟು, ಇಳಿಯುವ ಮುಂಚೆ ಚೆಲ್ಲಿಬಿಡಿ. ಮಂಡಿ ಉಳಿಯುತ್ತದೆ. ಮೂರನೆಯದು ಹೊಸ ಬೂಟು ಕೊಡುವ ಬೊಕ್ಕೆ. ಕನಿಷ್ಠ 60 ಕಿ.ಮೀ. ನಡೆದು ಹದಗೊಳಿಸಿದ ಬೂಟನ್ನೇ ಒಯ್ಯಿರಿ.

ಮನೆ ಹತ್ತಿರದ ಬಂಡೆ

ರಾಜ್ಯದ ಯುವಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ; ಅದರ ಶಿಬಿರಗಳು ಖಾಸಗಿ ಕೋರ್ಸುಗಳಷ್ಟು ದುಬಾರಿಯಲ್ಲ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವ ಗೋಡೆ ಇದೆ. ಬಾದಾಮಿಯ ಮರಳುಗಲ್ಲು, ರಾಮನಗರ ಮತ್ತು ಸಾವನದುರ್ಗದ ಗ್ರಾನೈಟ್ ಬಂಡೆ, ಹಂಪಿಯ ಗುಂಡುಗಳು: ಇಷ್ಟು ಬಗೆಯ ಬಂಡೆ ಒಂದೇ ರಾಜ್ಯದಲ್ಲಿ ಸಿಗುವುದು ನಮ್ಮ ಭಾಗ್ಯ. ಶಾಲಾ ಶಿಬಿರ, ಕಂಪನಿಗಳ ತಂಡ ತರಬೇತಿ, ಗೋಡೆ ಹತ್ತುವ ಕೇಂದ್ರಗಳ ಕೆಲಸಕ್ಕೆ ಹಿಮಕ್ಕಿಂತ ಇದೇ ಬೇಕು. ಆದ್ದರಿಂದ ಇಲ್ಲೇ ಇರುವವರಿಗೆ ನಮ್ಮ ಸಲಹೆ: ಮೊದಲ ವರ್ಷ ಬಂಡೆ, ಆಮೇಲೆ ಬೇಕೆನಿಸಿದರೆ ಹಿಮಾಲಯ.

ಒಳ್ಳೆಯ ಕೋರ್ಸನ್ನು ಗುರುತಿಸುವುದಕ್ಕೆ ಒಂದು ಪರೀಕ್ಷೆ ಇದೆ. ಮೇಲೆ ಹಗ್ಗ ಕಟ್ಟುವ ಜಾಗವನ್ನು, ಅಂದರೆ ಆ್ಯಂಕರ್ ಅನ್ನು, ನಿಮ್ಮ ಕೈಯಲ್ಲೇ ಕಟ್ಟಿಸಿ ಆಮೇಲೆ ಬಿಚ್ಚಿಸಿ ತಪ್ಪು ತೋರಿಸುತ್ತಾರೆಯೇ ಎಂದು ಕೇಳಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರ ಇರಬೇಕು. ಎರಡರಿಂದ ಇಳಿಯುವ ಪಟ್ಟಿಗಳ, ಅಂದರೆ ಸ್ಲಿಂಗ್‌ಗಳ ನಡುವಿನ ಕೋನ 60 ಡಿಗ್ರಿ ಮೀರಬಾರದು. 60 ಡಿಗ್ರಿಯಲ್ಲಿ ಒಂದೊಂದು ಆಧಾರದ ಮೇಲೆ ಬೀಳುವುದು ಭಾರದ ಸುಮಾರು 58 ಶೇಕಡಾ. 120 ಡಿಗ್ರಿಗೆ ಅಗಲಿಸಿದರೆ ಒಂದೊಂದರ ಮೇಲೂ ಪೂರ್ತಿ ಭಾರ, ಎರಡು ಕಟ್ಟಿದ್ದಕ್ಕೆ ಅರ್ಥವೇ ಉಳಿಯದು. ಕ್ಯಾರಬಿನರ್, ಅಂದರೆ ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಉದ್ದಕ್ಕೆ 20 ಕಿಲೋನ್ಯೂಟನ್‌ಗಿಂತ ಹೆಚ್ಚು (ಸುಮಾರು ಎರಡು ಟನ್ ಭಾರ) ತಡೆಯುತ್ತದೆ. ಅಡ್ಡ ತಿರುಗಿದರೆ ಅದೇ ಕೊಂಡಿ ತಡೆಯುವುದು ಅದರ ಮೂರನೇ ಒಂದು ಪಾಲು. ಮಳೆ ಬಂದ ಮೇಲೆ ಒಂದೆರಡು ದಿನ ಬಾದಾಮಿಯ ಮರಳುಗಲ್ಲು ಮುಟ್ಟಬಾರದು. ನೆನೆದ ಕಲ್ಲು ಮೆತ್ತಗಾಗಿ ಹಿಡಿಕೆ ಕಿತ್ತು ಬರುತ್ತದೆ. ಬಂಡೆಯ ಮೇಲೆ ಜೇನುಗೂಡು ಇದೆಯೇ ಎಂದು ಕೆಳಗಿನಿಂದಲೇ ನೋಡಿಕೊಳ್ಳಬೇಕು. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ಅಲ್ಲಿ ಮನಬಂದಲ್ಲಿ ಹತ್ತುವಂತಿಲ್ಲ. ಇಂಥ ಮಾತುಗಳನ್ನು ಮೊದಲ ದಿನವೇ ಹೇಳುವ ಬೋಧಕರ ಬಳಿ ಕಲಿಯಿರಿ. ಮೊದಲ ದಿನವೇ ಫೋಟೊಗೆ ನಿಲ್ಲಿಸುವವರ ಬಳಿ ಬೇಡ.

ನೀರು

ನೀರಿನ ಕೆಲಸಗಳಲ್ಲಿ ಸ್ಕೂಬಾದ ದಾರಿ ಹೆಚ್ಚು ಸ್ಪಷ್ಟ, ಏಕೆಂದರೆ ಜಗತ್ತಿನಲ್ಲೆಲ್ಲ ನಡೆಯುವ ಮೆಟ್ಟಿಲುಗಳು ಅದಕ್ಕಿವೆ. ಡೈವಿಂಗ್ ಕಲಿಸಿ ಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿಯ ಪದ್ಧತಿಯಲ್ಲಿ ಓಪನ್ ವಾಟರ್ ಮುಗಿಸಿದವರಿಗೆ 18 ಮೀಟರ್ ಆಳದ ಮಿತಿ, ಆಮೇಲೆ ಅಡ್ವಾನ್ಸ್‌ಡ್, ರೆಸ್ಕ್ಯೂ, ಅನಂತರ ಡೈವ್‌ಮಾಸ್ಟರ್. ಸಂಬಳ ಶುರುವಾಗುವುದು ಡೈವ್‌ಮಾಸ್ಟರ್‌ನಿಂದ. ಅದಕ್ಕೆ 18 ವರ್ಷ ತುಂಬಿರಬೇಕು, ಸೇರುವಾಗ 40 ಡೈವ್, ಮುಗಿಸುವಾಗ 60 ಡೈವ್ ಲಾಗ್ ಆಗಿರಬೇಕು, ಬೋಧಕರಾಗಲು 100. ಆ ಡೈವ್‌ಗಳ ಖರ್ಚು ಕೋರ್ಸಿನ ಶುಲ್ಕದಲ್ಲಿ ಕಾಣುವುದಿಲ್ಲ, ಲೆಕ್ಕ ತಪ್ಪುವುದು ಅಲ್ಲಿಯೇ. ಕಿವಿ, ಸೈನಸ್, ಆಸ್ತಮಾ ತೊಂದರೆ ಇದ್ದವರು ಹಣ ಕಟ್ಟುವ ಮೊದಲು ವೈದ್ಯರಿಗೆ ತೋರಿಸಿ.

ರ್‍ಯಾಫ್ಟಿಂಗ್‌ನಲ್ಲಿ ಹುಟ್ಟು ಹಾಕಲು ಕಲಿಯುವುದು ಸುಲಭ, ಬಿದ್ದವರನ್ನು ಎತ್ತಲು ಕಲಿಯುವುದು ಕಷ್ಟ. ಹರಿವ ನೀರಿನ ರಕ್ಷಣೆಯ ಕೋರ್ಸ್ ಮೂರ್ನಾಲ್ಕು ದಿನದ್ದು. ಅದು ಇಲ್ಲದೆ ಗೈಡ್ ಆಗಬೇಡಿ. ಹಗ್ಗದ ಚೀಲವನ್ನು 15 ಮೀಟರ್ ದೂರದ ಗುರಿಗೆ ಹತ್ತರಲ್ಲಿ ಎಂಟು ಸಲ ಎಸೆಯಲು ಬರಬೇಕು, ಮೊದಲ ಎಸೆತ ತಪ್ಪಿದರೆ ಒದ್ದೆ ಹಗ್ಗವನ್ನು ಸುರುಳಿ ಸುತ್ತಿ 20 ಸೆಕೆಂಡಿನೊಳಗೆ ಮತ್ತೆ ಎಸೆಯಲು ಬರಬೇಕು. ಮನೆಯಂಗಳದಲ್ಲೇ ಅಭ್ಯಾಸ ಮಾಡಬಹುದು. ದೋಣಿ, ಜೀವರಕ್ಷಣೆಯ ಸರ್ಕಾರಿ ಕೋರ್ಸುಗಳಿಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಕರಾವಳಿಯವರಿಗೆ ಅದು ಹತ್ತಿರವೂ ಹೌದು.

ಕಾಡಿನ ಕೆಲಸ

ರಾಜ್ಯ ಸರ್ಕಾರದ ಕಾಡಿನ ವಸತಿಗೃಹಗಳ ಸಂಸ್ಥೆ ಜಂಗಲ್ ಲಾಡ್ಜಸ್ 1980ರಲ್ಲಿ ಶುರುವಾದಾಗಿನಿಂದ ‘ನ್ಯಾಚುರಲಿಸ್ಟ್’, ಅಂದರೆ ಬಂದವರಿಗೆ ಕಾಡು, ಪ್ರಾಣಿ, ಪಕ್ಷಿ ತೋರಿಸಿ ವಿವರಿಸುವವರು, ಎಂಬ ಹುದ್ದೆ ನಮ್ಮ ರಾಜ್ಯಕ್ಕೆ ಪರಿಚಿತ. ಇದಕ್ಕೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಅಥವಾ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ಬಿ.ಎಸ್ಸಿ. ಫಾರೆಸ್ಟ್ರಿ ಒಳ್ಳೆಯ ತಳಪಾಯ, ಆದರೆ ಕಡ್ಡಾಯವಲ್ಲ. ಕೆಲಸ ಸಿಗುವುದು ಕಣ್ಣು, ಕಿವಿ, ಮಾತಿನಿಂದ. 150 ಹಕ್ಕಿಗಳನ್ನು ನೋಡಿ, 40 ಹಕ್ಕಿಗಳನ್ನು ಬರಿ ಕೂಗಿನಿಂದಲೇ ಗುರುತಿಸಲು ಬಂದರೆ ಸಂದರ್ಶನದಲ್ಲಿ ಧೈರ್ಯವಾಗಿ ಕೂರಬಹುದು. ಕಾಡಂಚಿನ ಊರಿನವರಿಗೆ ಇಲ್ಲಿ ದೊಡ್ಡ ಅನುಕೂಲ ಇದೆ, ಅದನ್ನು ಅವರೇ ಕಡಿಮೆ ಎಣಿಸಿಕೊಳ್ಳುತ್ತಾರೆ. 2024ರಿಂದ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಬಂದಿದೆ. ನೂರಾರು ಜನರನ್ನು ಬಸ್ಸಿನಲ್ಲಿ ತುಂಬಿ ತರುವ ವ್ಯವಹಾರಕ್ಕೆ ಇದು ಅಡ್ಡಿ, ಸಣ್ಣ ತಂಡಕ್ಕೆ ಕಾಡನ್ನು ಓದಿ ಹೇಳಬಲ್ಲ ಗೈಡ್‌ಗೆ ಅವಕಾಶ.

ಡಿಗ್ರಿ ಯಾವುದು?

ದೈಹಿಕ ಶಿಕ್ಷಣದ ಬಿ.ಪಿ.ಎಡ್. ಡಿಗ್ರಿ ಆದ ಮೇಲೆ 2 ವರ್ಷ. ಶಾಲೆಯ ದೈಹಿಕ ಶಿಕ್ಷಕರ ಹುದ್ದೆಯ ಬಾಗಿಲು ಇದರಿಂದ ತೆರೆಯುತ್ತದೆ, ಕಾಲೇಜಿನ ಹುದ್ದೆಗೆ ಎಂ.ಪಿ.ಎಡ್. ಜೊತೆ ನೆಟ್ ಅಥವಾ ಕೆಸೆಟ್ ಪರೀಕ್ಷೆ ಪಾಸಾಗಿರಬೇಕು. ಚೆನ್ನೈನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು 1920ರಿಂದ ನಡೆಯುತ್ತಿದೆ. ಒಂದು ಆಟದಲ್ಲಿ ಪಳಗಿದವರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ತರಬೇತುದಾರರ ಡಿಪ್ಲೊಮಾ, ಅಷ್ಟು ಸಮಯ ಇಲ್ಲದವರಿಗೆ ಆರು ವಾರದ ಸರ್ಟಿಫಿಕೇಟ್ ಇದೆ. ಗ್ವಾಲಿಯರ್‌ನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆಯ (ಐಐಟಿಟಿಎಂ) ಪ್ರವಾಸೋದ್ಯಮ ಬಿಬಿಎ, ಎಂಬಿಎಗಳು ಕಚೇರಿ ಕಡೆಯ ಓದು: ದರ ಕಟ್ಟುವುದು, ಪರವಾನಗಿ, ವಿಮೆ, ಗ್ರಾಹಕರು. ಸ್ವಂತ ಸಂಸ್ಥೆ ನಡೆಸುವವರಿಗೆ ಹೊಂದುತ್ತದೆ, ಹಗ್ಗ ಹಿಡಿಯುವವರಿಗೆ ಅಷ್ಟಾಗಿ ಅಲ್ಲ. ಸಮಾಜಕಾರ್ಯದ ಸ್ನಾತಕೋತ್ತರ ಓದು, ಅಂದರೆ ಎಂಎಸ್‌ಡಬ್ಲ್ಯು, ಮಾಡಿದವರು ಹಿರಿಯರ ಕೇಂದ್ರ, ವಿಶೇಷಚೇತನರ ಶಾಲೆ, ಕೊಳೆಗೇರಿಯ ಮಕ್ಕಳ ಜೊತೆಗಿನ ಕೆಲಸಕ್ಕೆ ಸೇರಬಲ್ಲರು.

ಸಮುದಾಯ ಮನರಂಜನೆಯನ್ನು, ಅಂದರೆ ಹಿರಿಯರಿಗೆ, ಮಕ್ಕಳಿಗೆ ಆಟ, ಶಿಬಿರ ನಡೆಸುವುದನ್ನು, ನಮ್ಮ ಹುಡುಗ ಹುಡುಗಿಯರು ಕೆಲಸವೆಂದೇ ಎಣಿಸುವುದಿಲ್ಲ, ಅದು ನಮಗೆ ಬೇಸರದ ಸಂಗತಿ. ಹನ್ನೆರಡು ತಿಂಗಳೂ ನಡೆಯುವ, ವಯಸ್ಸಾದ ಮೇಲೂ ಮಾಡಬಹುದಾದ ಕೆಲಸ ಇದೊಂದೇ. ಕೌಶಲ ಬೇಡ ಎನ್ನುವವರು 65 ದಾಟಿದ 24 ಜನರಿಗೆ ಒಂದು ತಾಸು ನಡೆಸಿ ನೋಡಲಿ. ಕೈಯಿಲ್ಲದ ಕುರ್ಚಿ ಬೇಡ, ಏಳುವಾಗ ಊರಲು ಕೈ ಬೇಕು. ಶೌಚಾಲಯ 30 ಹೆಜ್ಜೆಯೊಳಗಿರಲಿ. ಮೊದಲ 10 ನಿಮಿಷ ಕುಳಿತೇ ಕೈಕಾಲು ಸಡಿಲಿಸುವುದು, ನಂತರ 15 ನಿಮಿಷ ನಡಿಗೆ ಅಥವಾ ಹಗುರ ಚೆಂಡಾಟ, ಆಮೇಲೆ ಆರಾರು ಜನರ ನಾಲ್ಕು ಗುಂಪಿಗೆ ಚೌಕಾಬಾರ, ಅಳಗುಳಿಮಣೆ. ಅಂಗಡಿಯ ಚೌಕಾಬಾರದ ಮನೆ ಚಿಕ್ಕದು, ಕನ್ನಡಕದವರಿಗೆ ಕಾಣದು; ಎರಡೂವರೆ ಅಡಿ ಬಟ್ಟೆಯ ಮೇಲೆ ದಪ್ಪ ಗೆರೆ ಎಳೆದು, ಕವಡೆಯನ್ನು ಲೋಟದಲ್ಲಿ ಹಾಕಿ ಕುಲುಕಿಸಿದರೆ ಬೆರಳು ನೋವಿನವರೂ ಆಡುತ್ತಾರೆ. ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಯಾರಿಗೆ ಫೋನ್ ಮಾಡಬೇಕು ಎಂಬ ಚೀಟಿ ನಿಮ್ಮ ಜೇಬಿನಲ್ಲಿರಬೇಕು. ಇದನ್ನೆಲ್ಲ ಕಲಿಯಲು ಸ್ಕೌಟ್ಸ್ ಮತ್ತು ಗೈಡ್ಸ್‌ನ ನಾಯಕರ ತರಬೇತಿ, ಎನ್‌ಎಸ್‌ಎಸ್ ಶಿಬಿರ, ಬೇಸಿಗೆ ಶಿಬಿರದ ಸ್ವಯಂಸೇವೆ ಸಾಕು, ಖರ್ಚೂ ಕಡಿಮೆ. ಮಕ್ಕಳ ಶಿಬಿರಕ್ಕೆ ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಇರಲಿ, ಪೋಕ್ಸೊ ಕಾಯ್ದೆಯ ಅರಿವು ಮತ್ತು ಪೊಲೀಸ್ ಪರಿಶೀಲನೆ ಪತ್ರವನ್ನು ಕೇಳುವ ಮೊದಲೇ ಸಿದ್ಧವಿಡಿ.

ಎಲ್ಲಕ್ಕೂ ಮೊದಲು ಪ್ರಥಮ ಚಿಕಿತ್ಸೆ

ಆಸ್ಪತ್ರೆ ದೂರವಿರುವ ಜಾಗಕ್ಕೆಂದೇ ರೂಪಿಸಿದ ಎರಡು ಕೋರ್ಸುಗಳಿವೆ. ವೈಲ್ಡರ್ನೆಸ್ ಫಸ್ಟ್ ಏಡ್ 16ರಿಂದ 20 ತಾಸು, ವೈಲ್ಡರ್ನೆಸ್ ಫಸ್ಟ್ ರೆಸ್ಪಾಂಡರ್ 70ರಿಂದ 80 ತಾಸು. ಒಂದು ದಿನದ ಚಾರಣ ಮತ್ತು ಶಾಲಾ ಶಿಬಿರಕ್ಕೆ ಮೊದಲನೆಯದು ಸಾಕು; ರಾತ್ರಿ ಕಳೆಯುವ ಚಾರಣ, ನದಿ, ಹಿಮಾಲಯಕ್ಕೆ ಎರಡನೆಯದು ಬೇಕು. ಮಸ್ಸೂರಿಯ ಹ್ಯಾನಿಫ್ಲ್ ಕೇಂದ್ರ ಎರಡನೆಯದಕ್ಕೆ ಹೆಸರಾದ ಜಾಗ. ಪತ್ರದ ಅವಧಿ ಎರಡು ಮೂರು ವರ್ಷ, ಆಮೇಲೆ ನವೀಕರಿಸಬೇಕು. ಹಣ ಒಂದೇ ಕೋರ್ಸಿಗಿದೆ, ಬೇಸಿಕ್ ಮಾಡಲೋ ಇದನ್ನೋ ಎಂದರೆ ನಮ್ಮ ಉತ್ತರ ಪ್ರಥಮ ಚಿಕಿತ್ಸೆಯ ಕೋರ್ಸ್. ಹಾವು ಕಡಿದಾಗ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು ಎಂಬುದು ಮಲೆನಾಡಿನ ಗೈಡ್‌ಗೆ ಹಿಮಗೊಡಲಿಯ ಬಳಕೆಗಿಂತ ಬೇಗ ಉಪಯೋಗಕ್ಕೆ ಬರುತ್ತದೆ.

ವಿದೇಶದ ಓದು

ಕೆನಡಾದ ಥಂಡರ್ ಬೇಯಲ್ಲಿರುವ ಲೇಕ್‌ಹೆಡ್ ವಿಶ್ವವಿದ್ಯಾಲಯದಂಥ ಕಡೆ ಹೊರಾಂಗಣ ಮನರಂಜನೆಯಲ್ಲೇ ಡಿಗ್ರಿ ಇದೆ. ಪಾಠ ಗಟ್ಟಿ, ಅಲ್ಲಿಯ ಉದ್ಯಾನಗಳಲ್ಲಿ, ಪುರಸಭೆಗಳಲ್ಲಿ ಈ ಓದಿಗೆ ಹುದ್ದೆಗಳೂ ಇವೆ. ಆದರೆ ಡಿಪ್ಲೊಮಾ ಮತ್ತು ಡಿಗ್ರಿಯ ನಡುವೆ ಈಗ ದೊಡ್ಡ ಅಂತರ ಬಿದ್ದಿದೆ. 2024ರ ನವೆಂಬರ್‌ನಿಂದ ಕಾಲೇಜು ಡಿಪ್ಲೊಮಾ ಓದುವ ಹೊಸಬರಿಗೆ ಓದಿನ ನಂತರದ ಕೆಲಸದ ಪರ್ಮಿಟ್ ಸಿಗಬೇಕಾದರೆ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ಬ್ಯಾಚುಲರ್ ಡಿಗ್ರಿಗೆ ಆ ಷರತ್ತಿಲ್ಲ. ಏಜೆಂಟರು ‘ಅಡ್ವೆಂಚರ್ ಡಿಪ್ಲೊಮಾ’ ತೋರಿಸಿದರೆ ಮೊದಲು ಪಟ್ಟಿ ನೋಡಿ. ಊರಿಗೆ ಮರಳುವುದೇ ಗುರಿಯಾದರೆ, ಅಷ್ಟು ಸಾಲ ತೀರಿಸುವ ಸಂಬಳ ಈ ಕ್ಷೇತ್ರದಲ್ಲಿ ಇಲ್ಲಿ ಬೇಗ ಸಿಗದು.

ಲಾಗ್‌ಬುಕ್

ಯಾವ ದಾರಿ ಹಿಡಿದರೂ ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಜಾಗ, ತಂಡದಲ್ಲಿ ಎಷ್ಟು ಜನ, ನಿಮ್ಮ ಪಾತ್ರ ಏನು (ಶಿಷ್ಯ, ಸಹಾಯಕ, ಮುಂದಾಳು), ಹವೆ, ಹೊರಟ ಮತ್ತು ಮರಳಿದ ಸಮಯ, ಏನು ತಪ್ಪಿತು, ಹಿರಿಯರ ಸಹಿ. ‘ಏನು ತಪ್ಪಿತು’ ಎಂಬ ಕಡೆ ಖಾಲಿ ಬಿಡಬೇಡಿ. ‘ಒಬ್ಬರ ಬೂಟಿನ ಅಡಿ ಕಿತ್ತು 50 ನಿಮಿಷ ತಡ, ಕತ್ತಲಾಯಿತು, ಮೂವರ ಬಳಿ ಮಾತ್ರ ಟಾರ್ಚ್’ ಎಂಬಂಥ ಸಾಲು ಇರಲಿ, ಅದರ ಕೆಳಗೆ ಮುಂದಿನ ಚಾರಣದಲ್ಲಿ ಟೇಪ್ ಮತ್ತು ಎರಡು ಹೆಚ್ಚಿನ ಟಾರ್ಚ್ ಒಯ್ದದ್ದೂ ದಾಖಲಾಗಿರಲಿ. ಕೆಲಸ ಕೊಡುವವರಲ್ಲಿ ತಿಳಿದವರು ಸರ್ಟಿಫಿಕೇಟ್ ಫೈಲನ್ನು ಬದಿಗಿಟ್ಟು ಮೊದಲು ತೆರೆಯುವುದು ಆ ಪುಟಗಳನ್ನೇ.